ಭಾವನ ವ್ಯಾನಿನ ಬೆಲ್ಟು

ನನ್ನ ಅಕ್ಕನ ಗಂಡನಿಗೆ ಅರವತ್ತು ಹತ್ತಿರ ಬಂತು. ಹದಿನೇಳು ವರ್ಷದಿಂದ ಒಂದೇ ವ್ಯಾನು, ಒಂದೇ ಕೆಲಸ. ನಸುಕಿನಲ್ಲಿ ಬೇಕರಿಯಿಂದ ಬ್ರೆಡ್ಡು ತುಂಬಿಕೊಂಡು ಅಂಗಡಿ ಅಂಗಡಿಗೂ ಇಳಿಸಿ, ಹತ್ತು ಗಂಟೆಗೆ ಖಾಲಿ ಟ್ರೇಗಳನ್ನು ಗಡಗಡ ಅನ್ನಿಸುತ್ತ ವಾಪಸ್ಸು ಬರೋದು. ಮಗಳು ಹುಟ್ಟಿದ ದಿನವೂ ಕೊನೆಯ ಅಂಗಡಿಗೆ ಬ್ರೆಡ್ಡು ಇಳಿಸಿಯೇ ಆಸ್ಪತ್ರೆಗೆ ಬಂದ ಮಹಾನುಭಾವರು. ಒಬ್ಬರ ತಂಟೆಗೆ ಹೋದವರಲ್ಲ. ಆದರೆ ಗಾಡಿ ವಿಷಯ ಬಂತೆಂದರೆ ನನಗೆ ತಲೆ ಚಚ್ಚಿಕೊಳ್ಳೋ ಹಾಗೆ ಮಾಡುತ್ತಾರೆ. ಯಾಕೆಂದರೆ ಆ ಗಾಡಿ ರಿಪೇರಿ ಮಾಡೋ ಹಣೆಬರಹ ನನ್ನದು.

ಇಂಜಿನ್ನಿನೊಳಗೆ ಹಲ್ಲಿರೋ ಒಂದು ರಬ್ಬರ್ ಬೆಲ್ಟು ಇರುತ್ತದೆ. ವಾಲ್ವು ಯಾವಾಗ ತೆರೀಬೇಕು, ಪಿಸ್ಟನ್ನು ಯಾವಾಗ ಮೇಲೆ ಬರಬೇಕು ಅನ್ನೋ ಲೆಕ್ಕ ತಪ್ಪದ ಹಾಗೆ ಹಿಡಿದಿರೋದು ಅದೇ. ಅದು ಹರಿದರೆ ಎರಡೂ ಡಿಕ್ಕಿ ಹೊಡೆದು ಇಂಜಿನ್ನು ಹೋಯಿತು ಅಂತಲೇ ಲೆಕ್ಕ. ಹರಿಯೋ ಮುಂಚೆ ಕಿರ್ರೂ ಅನ್ನಲ್ಲ, ಮಿರ್ರೂ ಅನ್ನಲ್ಲ. ಭಾವ ಮಾತ್ರ ಅದು ಕೂಗಿ ಕರೆಯಲಿ ಅಂತ ಕಾಯುತ್ತಿದ್ದರು.

"ಭಾವ, ಆರು ವರ್ಷ ಆಯ್ತು. ಬೆಲ್ಟು ಬದಲಾಯಿಸೋಣ," ಅಂದೆ.

"ಸುಮ್ನಿರೋ. ಅರವತ್ತು ಸಾವಿರ ಕಿಲೋಮೀಟರಿಗೆ ಬದಲಾಯಿಸಬೇಕು ಅಂದೋನು ನೀನೇ ತಾನೆ? ಮೀಟರ್ ನೋಡು. ಹೋದ ಸಲ ಹಾಕಿದ ಮೇಲೆ ನಲವತ್ತೊಂದು ಸಾವಿರ ಓಡಿದೆ, ಅಷ್ಟೇ. ಚೆನ್ನಾಗಿ ಓಡ್ತಿರೋ ಇಂಜಿನ್ನಿಗೆ ಯಾಕಪ್ಪಾ ಕೈ ಹಾಕ್ತೀಯ?"

ಮೀಟರ್ ನೋಡಲು ಬಗ್ಗಿದೆ. ಅದರ ಹಿಂದೆ ಮೀಟರ್ ಓಡಿಸೋ ಕೇಬಲ್ಲು ಬಿಚ್ಚಿಕೊಂಡು ನೇತಾಡುತ್ತಿತ್ತು.

"ಇದೇನಿದು?"

"ಅದಾ? ವಾಪಸ್ ಬರುವಾಗ ತೆಗೆದಿಡ್ತೀನಿ. ಹೋಗುವಾಗ ಮತ್ತೆ ಸಿಕ್ಕಿಸ್ತೀನಿ."

"ಯಾಕೆ?"

"ಖಾಲಿ ಗಾಡಿ ಕಣೋ. ಅದೂ ಒಂದು ಓಟನಾ? ಲೋಡಿದ್ರೆ ತಾನೆ ಇಂಜಿನ್ನು ಸವೆಯೋದು? ಸುಮ್ಸುಮ್ನೆ ಮೀಟರ್ ಯಾಕೆ ಏರಿಸಲಿ?"

ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಅದನ್ನು ಮೊದಲು ನೆಲದ ಮೇಲೆ ಇಟ್ಟೆ. ಅಕ್ಕನ ಮುಖ ನೆನೆಸಿಕೊಂಡು ಇಟ್ಟೆ.

"ಹಿಂದೆ ಬ್ರೆಡ್ಡಿದೆಯೋ ಇಲ್ಲವೋ ಬೆಲ್ಟಿಗೇನು ಗೊತ್ತು ಭಾವ? ಅದು ತಿರುಗಿ ನೋಡುತ್ತಾ? ಹೋದಷ್ಟೇ ದೂರ ಬಂದಿದ್ದೀರಿ. ಎಂಬತ್ತು ಸಾವಿರ ದಾಟಿದೆ ಇದು!"

"ಕೂಗಾಡಬೇಡ. ಅಕ್ಕಪಕ್ಕದೋರು ನೋಡ್ತಾರೆ."

"ನೋಡಲಿ ಬಿಡಿ!"

ಇಂಜಿನ್ನಿನ ಮೇಲಿದ್ದ ಸೀಟೆತ್ತಿ, ಬೆಲ್ಟಿನ ಮೇಲಿನ ಮುಚ್ಚಳ ತೆಗೆದೆ. ಅವರ ಬೆರಳು ಹಿಡಿದು ಬೆಲ್ಟಿನ ಮೇಲೆ ಇಟ್ಟೆ. ಒಡೆದ ಹಿಮ್ಮಡಿ ಹಾಗೆ ಅಡ್ಡಡ್ಡ ಬಿರುಕು. ಅಂಚಿನಲ್ಲಿ ನೂಲು ಎದ್ದಿತ್ತು.

"ರಬ್ಬರಲ್ವಾ, ಸ್ವಲ್ಪ ಹಾಗೇ ಇರುತ್ತೆ," ಅಂದರು. ಕಲ್ಲಿನ ಜೊತೆ ಮಾತಾಡಿದ್ದರೆ ಅದಾದರೂ ಕರಗುತ್ತಿತ್ತು.

"ಸರಿ. ನಾಳೆ ದಾರಿಯಲ್ಲಿ ಇದು ಹರೀತು ಅಂದುಕೊಳ್ಳಿ. ಇಂಜಿನ್ನು ಪೂರ್ತಿ ಬಿಚ್ಚಬೇಕು. ತಿಂಗಳು ಗಾಡಿ ನನ್ನ ಶೆಡ್ಡಲ್ಲೇ. ಬೇಕರಿ ಓನರ್ ತಿಂಗಳು ಕಾಯ್ತಾರಾ?"

ಓನರ್ ಅಳಿಯ ಹೊಸ ವ್ಯಾನು ತಂದು, ಯಾವಾಗ ಜಾಗ ಖಾಲಿಯಾಗುತ್ತೋ ಅಂತ ಬೇಕರಿ ಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದ. ಅದು ನನಗೂ ಗೊತ್ತು, ಭಾವನಿಗೂ ಗೊತ್ತು. ಬ್ರೆಡ್ಡಿನ ಕೆಲಸ ಕೈಬಿಟ್ಟರೆ ಈ ವಯಸ್ಸಿನಲ್ಲಿ ಇನ್ಯಾರೂ ಕರೆದು ಕೆಲಸ ಕೊಡೋದಿಲ್ಲ.

"ಎರಡು ದಿನವೂ ಕಾಯಲ್ಲ," ಅಂದರು ಭಾವ. ಖಾಲಿ ಟ್ರೇ ಒಂದನ್ನು ಬೋರಲು ಹಾಕಿಕೊಂಡು ಕೂತರು. ಅಲ್ಲಿಂದಲೇ ಕೇಳಿದರು, "ಬಿಚ್ಚಿದ ಮೇಲೆ ಮೊದಲಿನ ಹಾಗೆ ಓಡುತ್ತೇನೋ? ನನಗೆ ಅದೇ ಭಯ."

ಇಷ್ಟು ವರ್ಷದಲ್ಲಿ ಈ ಮಾತು ಮೊದಲೇ ಹೇಳಿದ್ದರೆ ನಾನು ಯಾಕೆ ಗಂಟಲು ಹರಿದುಕೊಳ್ಳುತ್ತಿದ್ದೆ?

"ಓಡುತ್ತೆ ಭಾವ. ಸಂಜೆ ಆರಕ್ಕೆ ನಿಮ್ಮ ಕೈಗೆ ಕೊಡ್ತೀನಿ."

ಕೆಲಸ ಮುಗಿಯೋವರೆಗೂ ಭಾವ ಕದಲಲಿಲ್ಲ. ಟಾರ್ಚು ಹಿಡಿತೀನಿ ಅಂತ ನನ್ನ ಕಣ್ಣಿಗೇ ಬಿಟ್ಟರು. "ಬೆಲ್ಟಿನ ಚಕ್ರದ ಗುರುತು ಸರಿಯಾಗಿ ಕೂಡಿಸಿದೆಯಾ?" ಅಂತ ನಾಲ್ಕು ಸಲ ಕೇಳಿದರು. ಹಳೇ ಬೆಲ್ಟು ಬಿಚ್ಚಿ ಸ್ವಲ್ಪ ಬಗ್ಗಿಸಿದೆ, ಅಷ್ಟೇ. ಎರಡು ಹಲ್ಲು ಕಿತ್ತು ಕೈಗೇ ಬಂತು. ಅದನ್ನು ನೋಡಿ ಭಾವ ಟಾರ್ಚು ಆರಿಸಿದರು. "ನಾಳೆವರೆಗೂ ಬರ್ತಿರಲಿಲ್ಲ ಅಲ್ವೇನೋ?" ಅಂದರು. ಬಾಯಿಗೆ ಬಂದ ಬೈಗುಳವೆಲ್ಲ ನುಂಗಿಕೊಂಡೆ.

ಮಾರನೇ ದಿನ ಬ್ರೆಡ್ಡು ಇಳಿಸಿ, ನನ್ನ ಶೆಡ್ಡಿನ ಎದುರು ವ್ಯಾನು ನಿಲ್ಲಿಸಿ, ಹಾಲಿನ ಗಾಡಿಯವನ ಜೊತೆ ಟೀ ಕುಡಿಯುತ್ತಿದ್ದರು. ಮಾತು ನನ್ನ ಕಿವಿಗೆ ಬಿತ್ತು.

"ಬೆಲ್ಟು ಯಾವಾಗ ಬದಲಾಯಿಸಬೇಕು ಅನ್ನೋಕೆ ಒಂದು ಅಂದಾಜು ಬೇಕಪ್ಪಾ. ನಾನು ಸರಿಯಾದ ಹೊತ್ತಿಗೆ ಹಿಡಿದೆ. ನಮ್ಮ ಭಾವಮೈದನಿಗೆ ಬಿಟ್ಟಿದ್ರೆ ಇನ್ನೂ ಒಂದು ವರ್ಷ ತಳ್ತಿದ್ದ."

ಹೊರಗೆ ಹೋಗಿ ನಾಲ್ಕು ಮಾತು ಆಡೋಣ ಅಂತ ಎದ್ದೆ. ಅಷ್ಟರಲ್ಲಿ ಅವರೇ ಇತ್ತ ತಿರುಗಿ, "ನಿನಗೂ ಟೀ ಹೇಳಿದ್ದೀನಿ, ಬಾರೋ," ಅಂತ ಕೂಗಿದರು. ಏನು ಮಾಡಲಿ? ಹೋಗಿ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು.