ಚಾತುರ್ಮಾಸದ ನಗೆಪಂಗತಿ

ಮಿರಜಿನಲ್ಲಿ ನಮ್ಮದೊಂದು ಮಂಗಲ ಕಾರ್ಯಾಲಯವಿದೆ. ಮದುವೆ ಬೇರೆಯವರದು, ಚಿಂತೆ ನನ್ನದು. ಧಂದೆ ಎಂದರೆ ಇಷ್ಟೇ. ವರನ ಕುದುರೆ ಬೆದರಿದರೆ, ಬಾಸುಂದಿ ಕೆಟ್ಟರೆ, ಭಟ್ಟರು ದಾರಿ ತಪ್ಪಿ ಬೇರೆ ಕಾರ್ಯಾಲಯದಲ್ಲಿ ಕೂತು ಮಂತ್ರ ಶುರು ಮಾಡಿದರೆ ಎಂದು ಇಪ್ಪತ್ತೆರಡು ವರ್ಷಗಳಿಂದ ಚಿಂತಿಸುತ್ತಿದ್ದೇನೆ. ಇವುಗಳಲ್ಲಿ ಒಂದೂ ಆಗಿಲ್ಲ. ಆದದ್ದೆಲ್ಲ ನಾನು ಚಿಂತಿಸುವುದನ್ನು ಮರೆತದ್ದೇ. ಆಷಾಢ ಏಕಾದಶಿಯಿಂದ ಕಾರ್ತಿಕದವರೆಗೆ ಚಾತುರ್ಮಾಸ, ಮದುವೆಗಳಿಲ್ಲ. ಆ ನಾಲ್ಕು ತಿಂಗಳು ಹಾಲ್ ಖಾಲಿ, ತಲೆ ಮಾತ್ರ ಭರ್ತಿ.

ಅಂಥದೊಂದು ಶ್ರಾವಣದ ಮಧ್ಯಾಹ್ನ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದು ಹಾಲಿನ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆದಳು. ಕಿವಿಗೊಟ್ಟು ಕೇಳಿದಳು. ಮೂಲೆಗೆ ಹೋಗಿ ಇನ್ನೊಂದು ಹೊಡೆದಳು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ಇಣುಕಿ, "ಏನ್ರಿ, ಯಾರಕಿ? ಪಾರಿವಾಳ ಹಾರಸಾಕ ಬಂದಾಳೇನು?" ಎಂದಳು.

"ಕಾಕಾ, ಆವಾಜ ಫಾರ ಘುಮತೋಯ," ಎಂದಳು ಬಂದಾಕೆ ಮರಾಠಿಯಲ್ಲಿ. ಸದ್ದು ಬಹಳ ಗುಂಯ್ಗುಡುತ್ತದೆಯಂತೆ. ಇಪ್ಪತ್ತೆರಡು ವರ್ಷ ಈ ಒಂದು ವಿಷಯದ ಬಗ್ಗೆ ಚಿಂತಿಸದೆ ಹೇಗೆ ಉಳಿದೆ ಎಂದು ನನಗೆ ನಾಚಿಕೆಯಾಯಿತು.

ಆಕೆ ಮತ್ತು ಪುಣೆಯ ಒಬ್ಬ ಪಾಲುದಾರ ಸೇರಿ, ಮೊಬೈಲಿನಲ್ಲಿ ಬರೀ ಹಾಸ್ಯ ಕಾರ್ಯಕ್ರಮಗಳನ್ನು ತೋರಿಸುವ ಸಣ್ಣ ಸ್ಟ್ರೀಮಿಂಗ್ ಕಂಪನಿಯೊಂದನ್ನು ಕಟ್ಟಿದ್ದರು. ಮಾಲಿಕರೂ ಸೇರಿ ಒಟ್ಟು ಐದು ಜನ. ಅಲ್ಲಿಯವರೆಗೆ ಎಲ್ಲವೂ ಮರಾಠಿ. ಆಕೆ ಇಲ್ಲೇ ಮಾಲಗಾಂವದ ಜೈನರ ಮನೆಯವಳು. ಅಜ್ಜಿಯ ಬೈಗುಳ ಕನ್ನಡ, ಶಾಲೆ ಮರಾಠಿ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. ಕನ್ನಡ ಮಾತಾಡಿದರೆ ತಪ್ಪಾಗುತ್ತದೆ, ಜನ ನಗುತ್ತಾರೆ ಎಂದಳು. ಹಾಸ್ಯದ ಕಂಪನಿಯವಳಿಗೆ ಜನ ನಗುತ್ತಾರೆಂಬ ಭಯ! ಇವಳು ನಮ್ಮ ಪೈಕಿಯೇ ಅನ್ನಿಸಿತು.

ಆಕೆಗೆ ಒಂದು ಹಠವಿತ್ತು. ಮನೆಯಲ್ಲಿ ಅಜ್ಜಿ ಬಾಯಿ ತೆರೆದರೆ ಹದಿನೈದು ಜನ ಹೊಟ್ಟೆ ಹಿಡಿದು ನಗುತ್ತಿದ್ದರಂತೆ. ಆ ನಗೆ ತನ್ನ ಕಂಪನಿಯಲ್ಲಿ ಇಲ್ಲ. ಸಾಂಗ್ಲಿ ಮಿರಜಿನ ಕನ್ನಡದಲ್ಲಿ ಕಾರ್ಯಕ್ರಮ ಮಾಡೋಣ ಎಂದರೆ ಪಾಲುದಾರ, ಅದನ್ನು ನೋಡುವವರು ಯಾರು ಎನ್ನುತ್ತಿದ್ದ. ಕೊನೆಗೆ ಒಂದೇ ಒಂದು ರೆಕಾರ್ಡಿಂಗಿಗೆ ಒಪ್ಪಿದ್ದ. ತುಂಬಿದ ಹಾಲ್, ಮೊದಲಿನಿಂದ ಕೊನೆಯವರೆಗೆ ನಗು. ಆಗದಿದ್ದರೆ ಕನ್ನಡದ ಸುದ್ದಿ ಮತ್ತೆ ಎತ್ತಬಾರದು.

ಅದಕ್ಕೆ ಹಾಸ್ಯಗಾರರೊಬ್ಬರನ್ನು ಆಕೆ ಒಂದು ಬಾರಸೆಯಲ್ಲಿ, ಅಂದರೆ ನಾಮಕರಣದಲ್ಲಿ, ಕಂಡುಹಿಡಿದಿದ್ದಳು. ಮಿರಜಿನ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ನರ್ಸ್. ಗಡಿಯಾಚೆಯ ಕನ್ನಡದ ರೋಗಿಗೂ ಇಲ್ಲಿನ ಮರಾಠಿ ಡಾಕ್ಟರಿಗೂ ನಡುವೆ ನಿಂತು ಮಾತು ದಾಟಿಸಿದವರು. ಊರೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತದೆ.

ಎಂಟು ದಿನ ತಯಾರಿ ನಡೆಯಿತು. ಮೊದಲು ಗುಂಯ್ಗುಡುವ ಸದ್ದಿಗೆ ಮದ್ದು. ಬೀಗರು ಮಲಗುವ ಅರವತ್ತು ಗಾದಿಗಳನ್ನು ಹೊರತೆಗೆಸಿ, ಹಗ್ಗ ಕಟ್ಟಿಸಿ, ಗೋಡೆಗೆ ತೂಗುಹಾಕಿಸಿದಳು. ಫ್ಯಾನುಗಳ ಕಿರ್‍ರ್ ಸದ್ದು ಮೈಕಿಗೆ ಬರುತ್ತದೆಂದು ಎಣ್ಣೆ ಬಿಡಿಸಿದಳು. ತಾಲೀಮಿನಲ್ಲಿ ಸಿಸ್ಟರ್ ಮಾತಾಡುತ್ತಿದ್ದರೆ ಆಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ವೇದಿಕೆಗೆ ಬೆನ್ನು ಮಾಡಿ, ನಮ್ಮ ಮುಖಗಳನ್ನೇ ನೋಡುತ್ತ ಕೂಡುತ್ತಿದ್ದಳು. ನಾನು ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕರೂ ಆಕೆಯ ತುಟಿ ಅಲುಗುತ್ತಿರಲಿಲ್ಲ.

"ಮೇಡಂ, ನಿಮಗ ನಗಿ ಬರೂದ ಇಲ್ಲೇನ್ರಿ?" ಎಂದೆ ಒಂದು ದಿನ.

"ಕಾಕಾ, ಆಚಾರಿ ಕಧೀ ಪಂಗತೀತ ಜೇವತೋ ಕಾ?" ಎಂದಳು. ಅಡುಗೆಯವನು ಎಂದಾದರೂ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆಯೇ? ಕಾರ್ಯಾಲಯದವನಿಗೆ ಇದಕ್ಕಿಂತ ಚೆನ್ನಾಗಿ ಯಾರೂ ಉತ್ತರ ಕೊಡಲಾರರು. ಅವತ್ತಿನಿಂದ ಆಕೆಯ ಮೇಲೆ ನನಗೆ ಗೌರವ ಹುಟ್ಟಿತು.

ಕಾರ್ಯಕ್ರಮ ಸಂಜೆ ಏಳಕ್ಕೆ ಎಂದು ಆಕೆ ಹೇಳಿದ್ದಳು. ನನ್ನ ತಲೆ ಸುಮ್ಮನಿರಬೇಕಲ್ಲ. ಮಳೆಗಾಲ, ಜನ ಮಾಧವನಗರದಿಂದ, ಸಾಂಗ್ಲಿವಾಡಿಯಿಂದ ಬರುವವರು, ಒಂಬತ್ತರ ಮೇಲೆ ಶೇರ್ ಆಟೊ ಸಿಗದಿದ್ದರೆ? "ಐದೂವರೆಗೆ ಇಡ್ರಿ ಮೇಡಂ, ಮಂದಿ ಬೆಳಕಿದ್ದಾಗ ಮನೀ ಮುಟ್ಟತಾರ," ಎಂದು ಒತ್ತಾಯಿಸಿದೆ. ಒಪ್ಪಿದಳು. ನನ್ನ ಮುಂದಾಲೋಚನೆಗೆ ನಾನೇ ಮೆಚ್ಚಿ ಒಂದು ಕಪ್ ಚಹಾ ಹೆಚ್ಚು ಕುಡಿದೆ.

ಆ ದಿನ ಮಳೆ ಬರಲಿಲ್ಲ, ಕರೆಂಟು ಹೋಗಲಿಲ್ಲ, ಇನ್ನೂರು ಕುರ್ಚಿ ಭರ್ತಿಯಾದವು. ನಾನು ಹೆದರಿದ್ದು ಒಂದೂ ಆಗಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಸಿಸ್ಟರ್ ಶುರು ಮಾಡಿದರು. "ಡಾಕ್ಟರ್ ಕೇಳಿದ್ರು, ಬ್ಯಾನಿ ಯಾವಾಗಿಂದ ಐತಿ? ಪೇಶಂಟ್ ಅಂದಾ, ನಮ್ಮ ದೊಡ್ಡ ಮಗಳ ಲಗ್ನ ಆತಲ್ರಿ, ಆವತ್ತಿಂದ. ಲಗ್ನ ಯಾವಾಗ ಆತಪಾ? ಅಕಿಗೀಗ ಎರಡ ಹುಡುಗ್ರರಿ. ನಾ ಇಷ್ಟೂ ಮರಾಠಿಯೊಳಗ ಹೇಳೂದ್ರಾಗ ಡಾಕ್ಟರ್‌ಗೆ ಗಡಿಬಿಡಿ, ಅರ್ಧಾ ಕೇಳಿ ಕೇಸ್‌ಪೇಪರ್ ಮ್ಯಾಲೆ ಬರದ್ರು: ಎರಡ ಬಾಳಂತನ ಆಗ್ಯಾವು. ಇಷ್ಟ ದೊಡ್ಡ ಮೀಸಿ ಇದ್ದಾಂವಗ!"

ಇಡೀ ಹಾಲ್ ಬಿದ್ದುಬಿದ್ದು ನಕ್ಕಿತು. ಒಂದೆರಡು ಕಡೆ ಕ್ಯಾಮೆರಾದವರು ನಿಲ್ಲಿಸಿ ಮತ್ತೆ ಹೇಳಿಸಿದರು. ಒಂದು ತಾಸಿನ ಕಾರ್ಯಕ್ರಮಕ್ಕೆ ಎರಡು ತಾಸಿನ ರೆಕಾರ್ಡಿಂಗ್ ಬೇಕೆಂದು ನನಗೆ ಆಗ ತಿಳಿಯಿತು. ಆರೂಕಾಲರ ಹೊತ್ತಿಗೆ ಮೂರನೆಯ ಸಾಲಿನಲ್ಲಿ ಒಬ್ಬರು ಎದ್ದರು. ಹಿಂದೆ ನಾಲ್ವರು. ಆಮೇಲೆ ಇಡೀ ಸಾಲು. ವೇದಿಕೆಗೆ ಬೆನ್ನು ತಿರುಗಿಸಿ ಕೂತಿದ್ದ ಆಕೆ ಎಲ್ಲರಿಗಿಂತ ಮೊದಲು ಅದನ್ನು ಕಂಡಳು.

ನಾನು ಓಡಿದೆ. ಮಾಲಗಾಂವದ ದ್ರಾಕ್ಷಿ ತೋಟದ ಹಿರಿಯರೊಬ್ಬರು ಕೋಲು ಹಿಡಿದು ನಿಂತಿದ್ದರು. "ಯಾಕ್ರಿ ಕಾಕಾ, ಸೇರಲಿಲ್ಲೇನು?"

"ಸೇರದೇನು? ಸಿಸ್ಟರ್ ಕುಂದ್ರಿ ಅಂದ್ರ ಮುಂಜಾನಿತನಾ ಕುಂದರ್ತೇವಿ. ಆದ್ರ ಸೂರ್ಯಾಗ ಯಾರ ಹೇಳಾವ್ರು?"

ಚಾತುರ್ಮಾಸ. ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲ. ಅವರ ಮದುವೆಗಳಲ್ಲಿ ಆರಕ್ಕೆ ಕೊನೆಯ ಪಂಕ್ತಿ ಎಬ್ಬಿಸುತ್ತ ಬಂದವನು ನಾನು. ಏಳಕ್ಕೆ ಇಟ್ಟಿದ್ದರೆ ಉಂಡು ಬಂದು ನೆಮ್ಮದಿಯಿಂದ ಕೂಡುತ್ತಿದ್ದರು. ಆಟೊದ ಚಿಂತೆಯಲ್ಲಿ ಸೂರ್ಯನನ್ನೇ ಮರೆತಿದ್ದೆ. ಹಾಲಿನಲ್ಲಿ ಅರ್ಧದಷ್ಟು ಜನ ಅವರೇ.

ಆಕೆ ಹಣೆ ಬಡಿದುಕೊಂಡಳು. ಪುಣೆಯಲ್ಲಿ ಕಳೆದ ಹತ್ತು ವರ್ಷ ಆಕೆಗೂ ಇದನ್ನು ಮರೆಸಿತ್ತು. ಅಷ್ಟರಲ್ಲಿ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದಳು. "ಒಂದ ತಾಸಿನ ಆಟ, ಆರೂವರಿಗೆ ಮುಗಿತೈತಿ ಅಂದಿದ್ರಿ. ಊಟಾ ತಯಾರೈತಿ. ನಮ್ಮಲ್ಲಿಂದ ಯಾರರೆ ಬರೇ ಹೊಟ್ಟೀಲೆ ಹೋಗ್ಯಾರೇನು?"

"ಇವ್ರ ಉಣ್ಣೂವಂಥಾದ್ದೇನು?" ಎಂದೆ ನಾನು.

"ಶ್ರಾವಣ ಐತಿ ಅಂತ ನಿಮಗಷ್ಟ ಗೊತ್ತಿಲ್ಲ ನೋಡ್ರಿ."

ಜೈನರ ಮದುವೆಗೆ ಬರುವ ಆಚಾರಿಯನ್ನೇ ಕರೆಸಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಸೋಂಕದ ಮಸಾಲೆಭಾತ್, ಸಿರಾ, ಕಾಯಿಸಿ ಸೋಸಿದ ನೀರು, ಎಲ್ಲ ಮಾಡಿಸಿದ್ದಳು. ನನಗೆ ಹೇಳಿರಲಿಲ್ಲ. ಹೇಳಿದರೆ ಅದಕ್ಕೂ ಚಿಂತೆ ಹಚ್ಚಿಕೊಳ್ಳುತ್ತೇನೆಂದು.

ರೆಕಾರ್ಡಿಂಗ್ ನಿಲ್ಲಿಸಿ ಊಟ ಹಾಕಿದರೆ ಉಂಡವರು ನೇರ ಮನೆಗೆ. ನಿಲ್ಲಿಸದೆ ಹಾಕಿದರೆ ಇನ್ನೂರು ಸ್ಟೀಲ್ ತಾಟುಗಳ ಖಣಖಣ. ಗಾದಿ ಕಟ್ಟಿ ಸದ್ದು ಅಡಗಿಸಿದವಳು ಕಣ್ಣು ಮುಚ್ಚಿ ನಿಂತಳು. ಆಗ ನನ್ನ ಬಾಯಿಂದ ಬಂತು: "ಕಾಗದದ ಪತ್ರಾವಳಿ ಅದಾವ್ರಿ ಮೇಡಂ. ನಾಕ ನೂರು." ಯಾವುದೋ ಬೇಸಿಗೆಯಲ್ಲಿ ನೀರಿಲ್ಲದೆ ತಾಟು ತೊಳೆಯುವುದು ಹೇಗೆಂದು ಹೆದರಿ ತಂದು, ಹೆಂಡತಿಯಿಂದ ಬೈಸಿಕೊಂಡು, ಅಟ್ಟದ ಮೇಲೆ ಇಟ್ಟಿದ್ದೆ. ಜನ್ಮದಲ್ಲಿ ಮೊದಲ ಸಲ ನನ್ನ ಒಂದು ಚಿಂತೆ ಕೆಲಸಕ್ಕೆ ಬಂತು.

ಆಕೆ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ, ಬಾಗಿಲಿಗೆ ಅಡ್ಡ ನಿಂತು, ಇನ್ನೂರು ಜನರಿಗೆ ಕೇಳುವಂತೆ ಕನ್ನಡದಲ್ಲಿ ಕೂಗಿದಳು: "ಕುಂದ್ರಿ! ಯಾರೂ ಹೋಗಬ್ಯಾಡ್ರಿ. ಊಟಾ ಇಲ್ಲೇ ಐತಿ, ಸೂರ್ಯಾ ಇನ್ನಾ ಅದಾನ. ನೀವು ಉಣ್ರಿ, ನಾವು ನಗಸ್ತೇವಿ."

ಮಾಲಗಾಂವದ ಕಾಕಾ ಆಕೆಯನ್ನು ದಿಟ್ಟಿಸಿ ನೋಡಿ, "ಅಜ್ಜೀ ಗಂಟಲಾ ಬಂದೈತಿ ನೋಡ ಇಕಿಗಿ," ಎಂದು ಕೋಲು ಬದಿಗಿಟ್ಟು ಕೂತರು.

ಸಿಸ್ಟರ್ ಸುಮ್ಮನಿರುವವರಲ್ಲ. ವೇದಿಕೆ ಇಳಿದು, ನನ್ನ ಹೆಂಡತಿಯ ಕೈಯಿಂದ ಸೌಟು ಕಿತ್ತುಕೊಂಡು, ಸಾಲುಗಳ ನಡುವೆ ಬಡಿಸುತ್ತಲೇ ಹೇಳತೊಡಗಿದರು. "ನಾಳೆ ಆಪರೇಷನ್, ಪೇಶಂಟಗ ಹನಿ ನೀರೂ ಕೊಡಬ್ಯಾಡ್ರಿ ಅಂದೆ. ಸಂಜೀಕ ಒಂಬತ್ತ ಮಂದಿ ಬಂದ್ರು, ಒಂಬತ್ತ ಡಬ್ಬಿ. ಇದೇನು ಅಂದೆ. ಅಂವಗ ಕೊಡೂದಿಲ್ರಿ ಸಿಸ್ಟರ್, ಬರೇ ತೋರಸ್ತೇವಿ ಅಂದ್ರು! ಕಾಟಿನ ಸುತ್ತ ಕುಂತ ಉಂಡ್ರು, ಉಣ್ಣೂಮುಂದ ಒಂದೊಂದ ಅಡಿಗಿ ಹ್ಯಾಂಗಾಗೇತಿ ಅಂತ ಅಂವಗ ಹೇಳಿದ್ರು. ತಗೋರಿ, ನಿಮಗ ಇನ್ನೊಂದೀಟು?"

ಬಾಯಲ್ಲಿ ಅನ್ನವಿಟ್ಟುಕೊಂಡು ನಗುವವರ ಸದ್ದನ್ನು ನಾನು ಬಣ್ಣಿಸಲಾರೆ. ಒಬ್ಬರು ಕೆಮ್ಮಿದರು, ಪಕ್ಕದವರು ಬೆನ್ನು ತಟ್ಟಿದರು, ತಟ್ಟಿದವರೇ ನಕ್ಕು ಕೆಮ್ಮಿದರು. ಸೂರ್ಯ ಮುಳುಗಿದ. ಪತ್ರಾವಳಿಗಳು ಖಾಲಿಯಾಗಿದ್ದವು. ಒಬ್ಬರೂ ಏಳಲಿಲ್ಲ. ಏಳೂವರೆಗೆ ಸಿಸ್ಟರೇ ಕೈಮುಗಿದು, "ನನಗರೆ ಉಣ್ಣಾಕ ಬಿಡ್ರೆಪಾ," ಎಂದಾಗ ಆಟ ಮುಗಿಯಿತು.

ನಾಲ್ಕನೆಯ ದಿನ ಆಕೆಯ ಫೋನ್ ಬಂತು, ಶುರುವಿನಿಂದಲೇ ಕನ್ನಡದಲ್ಲಿ. "ಕಾಕಾ, ಪಾರ್ಟನರ್ ನೋಡಿದಾ. ಒಂದ ಅಕ್ಷರಾ ತಿಳೀಲಿಲ್ಲ ಅವಗ. ಎರಡ ಸಲಾ ನೋಡ್ಯಾನ. ಆರ ಕಾರ್ಯಕ್ರಮಾ ಮಂಜೂರ ಆದ್ವು. ಆದ್ರ ಒಂದ ಶರತ್ತು ಅಂತ, ಎಲ್ಲಾನೂ ಊಟಾ ಮಾಡ್ಕೋಂತನಾ ಆಗಬೇಕು."

ಫೋನ್ ಕೈಯಲ್ಲಿಟ್ಟುಕೊಂಡೇ ಅಡುಗೆಮನೆಯತ್ತ ಕೂಗಿ ಹೇಳಿದೆ. ಹೆಂಡತಿ ಹೊರಗೆ ಬಂದು, ಫೋನ್ ಕಸಿದುಕೊಂಡು, ಅಭಿನಂದನೆ ಇತ್ಯಾದಿಗೆಲ್ಲ ಹೋಗದೆ ನೇರ ಕೇಳಿದಳು: "ಎಷ್ಟ ಮಂದಿ ಹಿಡೀಲಿ ಅಷ್ಟ ಹೇಳವ್ವಾ."