ನನ್ನ ಫೋನಿಗೆ ಬಂದಿದ್ದ ನಿಮ್ಮ ಮೆಸೇಜು

ಆ ಶುಕ್ರವಾರ ನಿಮಗೆ ಪುಣೆಯ ವಿಮಾನ ತಪ್ಪಿದ್ದು ರುದ್ರಪ್ಪನವರ ರಾಹುಕಾಲದಿಂದಲ್ಲ, ನೀಲಕ್ಕ. ನನ್ನಿಂದ. ಏಳು ವರ್ಷ ಈ ಮಾತನ್ನು ನುಂಗಿಕೊಂಡು ನಿಮ್ಮ ಮನೆಯಲ್ಲಿ ಕಾಫಿ ಕುಡಿದಿದ್ದೇನೆ. ಅದಕ್ಕಾಗಿ ನಿಮ್ಮ ಯಜಮಾನರನ್ನು ನೀವು ಬೈಯುವಾಗ ಪಕ್ಕದಲ್ಲೇ ಕೂತು ತಲೆಯಾಡಿಸಿದ್ದೇನೆ. ಅವರು ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಈಗ ಬರೆಯುತ್ತಿದ್ದೇನೆ — ಅವರು ಇದ್ದಾಗ ಹೇಳಬಾರದೆಂದು ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ.

ನನ್ನ ಜಂಬ ನಿಮಗೆ ಗೊತ್ತಿರುವುದೇ. ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು. ಅಷ್ಟಕ್ಕೇ ನಾನು ಏರ್‌ಪೋರ್ಟಿನ ಯಜಮಾನಿಯ ಹಾಗೆ ಆಡುತ್ತಿದ್ದೆ. ಟಿಕೆಟ್ಟು ಕನ್‌ಫರ್ಮ್ ಮಾಡಿ, ಚೆಕ್-ಇನ್ ಮುಗಿಸಿ, ಬೋರ್ಡಿಂಗ್ ಪಾಸು, ಆಧಾರಿನ ಎರಡು ಜೆರಾಕ್ಸ್, ಎಲ್ಲ ಒಂದು ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ, ಯಾವ ಹಾಳೆ ಯಾರಿಗೆ ತೋರಿಸಬೇಕೆಂದು ಕನ್ನಡದಲ್ಲಿ ಚೀಟಿ ಅಂಟಿಸಿ ಕೊಡುತ್ತಿದ್ದೆ. "ಇದನ್ನ ಹಿಡ್ಕೊಂಡು ಹೋಗಿ, ಯಾರ ಹತ್ರನೂ ಬಾಯಿ ಬಿಡೋದೇ ಬೇಡ" ಎನ್ನುತ್ತಿದ್ದೆ. ಇನ್ನೊಂದು ಅಭ್ಯಾಸವೂ ಇತ್ತು. ವಯಸ್ಸಾದವರ ಫೋನಿಗೆ ಓಟಿಪಿ ಬಂದು, ಅವರು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಟೈಮು ಮುಗಿದುಹೋಗುತ್ತದೆಂದು ಎಲ್ಲರ ಟಿಕೆಟ್ಟಿಗೂ ನನ್ನದೇ ಮೊಬೈಲ್ ನಂಬರು ಕೊಡುತ್ತಿದ್ದೆ. ನಿಮ್ಮದಕ್ಕೂ ಅದನ್ನೇ ಕೊಟ್ಟೆ.

ಗುರುವಾರ ಮಧ್ಯಾಹ್ನ ನೀವಿಬ್ಬರೂ ಬಂದು ಫೋಲ್ಡರು ತೆಗೆದುಕೊಂಡು ಹೋದಿರಿ. ಪುಣೆಯ ಆಸ್ಪತ್ರೆಯಲ್ಲಿ ನಿಮ್ಮ ಅಕ್ಕ. ತಾಯಿಯಿಲ್ಲದ ನಿಮ್ಮನ್ನು ಸಾಕಿದ ಅಕ್ಕ. ನೀವು ಕುರ್ಚಿಯ ತುದಿಯಲ್ಲಿ ಕೂತು ಒಂದೇ ಮಾತು ಕೇಳಿದಿರಿ: "ನಾಳೆ ಸಾಯಂಕಾಲದೊಳಗೆ ಅಕ್ಕನ ಮುಂದೆ ಇರ್ತೀನಲ್ವಾ ಶಶಿ?" ನಾನು ನಕ್ಕೆ. "ಮೂರು ಗಂಟೆಗೆ ಫ್ಲೈಟು, ನಾಲ್ಕೂವರೆಗೆ ಪುಣೆ. ಒಂದು ಗಂಟೆಗೆಲ್ಲ ಏರ್‌ಪೋರ್ಟ್‌ನಲ್ಲಿರಿ ಸಾಕು, ಮಿಕ್ಕಿದ್ದು ನನಗೆ ಬಿಡಿ" ಎಂದೆ.

ಮಿಕ್ಕಿದ್ದು ನನಗೆ ಬಿಡಿ — ಬಿಟ್ಟಿರಿ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಫೋನಿಗೆ ಮೆಸೇಜು ಬಂತು. ನಿಮ್ಮ ವಿಮಾನ ಮುಕ್ಕಾಲು ಗಂಟೆ ಮುಂಚೆ, ಎರಡೂಕಾಲಿಗೇ ಹೊರಡುತ್ತದೆ ಎಂದು. ಓದಲಿಲ್ಲ ಎನ್ನುವ ಹಾಗೂ ಇಲ್ಲ, ಓದಿದೆ. ಬೆಳಿಗ್ಗೆ ಹೊಸ ಪ್ರಿಂಟು ತೆಗೆದು ನಿಮ್ಮ ಮನೆಗೇ ಹೋಗಿ ಕೊಟ್ಟರಾಯಿತು ಎಂದುಕೊಂಡೆ. ನಿಮ್ಮ ಮನೆ ನಮ್ಮಿಂದ ಐದನೆಯದು. ಬೆಳಿಗ್ಗೆ ಕಾಶಿಗೆ ಹೊರಟ ಹನ್ನೆರಡು ಜನರ ಗುಂಪು ಬಂದು ಕೂತಿತು — ಅವರ ಪ್ರಿಂಟು, ಅವರ ಜೆರಾಕ್ಸು, ಅವರ ಗಲಾಟೆ. ನೀವು ಮರೆತೇಹೋದಿರಿ.

ಹತ್ತಕ್ಕೆ ಬರಬೇಕಿದ್ದ ನಿಮ್ಮ ಕಾರು ಬಂದಿದ್ದು ಹತ್ತೂ ನಲವತ್ತಕ್ಕೆ. ಅಷ್ಟರಲ್ಲಿ ರಾಹುಕಾಲ ಶುರುವಾಗಿತ್ತು. ಸಾವು ಬದುಕಿನ ಪ್ರಯಾಣ, ಹನ್ನೆರಡರವರೆಗೆ ಹೊಸಿಲು ದಾಟುವುದು ಬೇಡ ಎಂದು ರುದ್ರಪ್ಪನವರು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತರಂತೆ. ನೀವು ಅತ್ತಿರಂತೆ. ಹನ್ನೆರಡಕ್ಕೆ ಹೊರಟು ಒಂದೂವರೆಗೆ ತಲುಪಿದಿರಿ. ನಾನು ಕೊಟ್ಟ ಹಾಳೆಯ ಪ್ರಕಾರ ಅದು ತಡವೇ ಅಲ್ಲ. ಬ್ಯಾಗು ಒಪ್ಪಿಸುವ ಕೌಂಟರು ಮುಚ್ಚಲು ಇನ್ನೂ ಅರ್ಧ ಗಂಟೆ ಇತ್ತು. ನಿಜವಾಗಿ ಅದು ಮುಚ್ಚಿ ಹದಿನೈದು ನಿಮಿಷವಾಗಿತ್ತು.

ರುದ್ರಪ್ಪನವರು ಫೋನು ಮಾಡಿದರು. ಏನೋ ಹೇಳ್ತಾ ಇದಾರೆ, ಅರ್ಥ ಆಗ್ತಿಲ್ಲ ಎಂದು ಕೌಂಟರಿನ ಹುಡುಗಿಯ ಕೈಗೇ ಫೋನು ಕೊಟ್ಟರು. ಅವಳು ಇಂಗ್ಲಿಷಿನಲ್ಲಿ, ಮರ್ಯಾದೆಯಿಂದಲೇ ಹೇಳಿದಳು: ಟಿಕೆಟ್ಟಿನಲ್ಲಿರುವ ನಂಬರಿಗೆ ನಿನ್ನೆಯೇ ತಿಳಿಸಿದ್ದೇವೆ, ಮೇಡಂ.

ಹಿಂದಿನ ಸಂಜೆಯ ಮೆಸೇಜು ಆಗ ನೆನಪಾಯಿತು. ಫೋನು ಮತ್ತೆ ರುದ್ರಪ್ಪನವರ ಕೈಗೆ ಹೋಯಿತು. "ರಾಹುಕಾಲ ಕಳೀಲಿ ಅಂತ ಹನ್ನೆರಡಕ್ಕೆ ಹೊರಟ್ವಿ, ಆದ್ರೂ ಈಗಿನ್ನೂ ಒಂದೂವರೆ ಅಲ್ವೇನಮ್ಮಾ? ಮೂರು ಗಂಟೆಗಲ್ವಾ ನಮ್ದು?" ಎಂದರು. ಅವರ ಹಿಂದೆ ನಿಮ್ಮ ಬಿಕ್ಕು ಕೇಳುತ್ತಿತ್ತು. ಆ ಒಂದು ಗಳಿಗೆ ಸಾಕಾಗಿತ್ತು ನಿಜ ಹೇಳಲು. ನಾನು ಹೇಳಿದ್ದು:

"ಒಂದು ಗಂಟೆಗೇ ಇರಿ ಅಂತ ಹೇಳಿದ್ನಲ್ಲ ಸಾರ್. ರಾಹುಕಾಲ ಅಂತ ಕೂತ್ರಿ, ಅದಕ್ಕೇ ಹೀಗಾಯ್ತು."

ಅಷ್ಟೇ. ಅವರು "ಹೌದಮ್ಮಾ" ಎಂದರು.

ನಿಮ್ಮ ಅಕ್ಕ ಅವತ್ತು ಸಂಜೆ ಆರೂವರೆಗೆ ಹೋದರು. ಐದು ಗಂಟೆಯವರೆಗೂ ಬಾಗಿಲ ಕಡೆ ನೋಡುತ್ತಾ "ನೀಲಾ ಬಂದ್ಲಾ" ಎಂದು ಕೇಳುತ್ತಲೇ ಇದ್ದರೆಂದು ಆಮೇಲೆ ನೀವೇ ನನ್ನ ಹೆಗಲ ಮೇಲೆ ತಲೆಯಿಟ್ಟು ಹೇಳಿದಿರಿ. ನನ್ನ ಹೆಗಲ ಮೇಲೆ!

ನನ್ನನ್ನು ಬಚಾವು ಮಾಡಿಕೊಳ್ಳಲು ನಾನು ಮಾಡಿದ ಲೆಕ್ಕಾಚಾರವನ್ನೂ ಹೇಳಿಬಿಡುತ್ತೇನೆ. ಕಾರು ಬಂದ ಕೂಡಲೇ ಹೊರಟಿದ್ದರೆ ವಿಮಾನ ಸಿಗುತ್ತಿತ್ತು, ಹಾಗಾಗಿ ತಪ್ಪು ರುದ್ರಪ್ಪನವರದೂ ಹೌದು — ಇದನ್ನೇ ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಆದರೆ ಅವರು ಕೂತಿದ್ದು ನನ್ನ ಹಾಳೆಯನ್ನು ನಂಬಿ. ಮೂರು ಗಂಟೆ ಎಂದು ಅಚ್ಚಾಗಿದೆ, ಶಶಿ ಕೊಟ್ಟಿದ್ದಾಳೆ, ಇನ್ನೂ ಹೊತ್ತಿದೆ ಎಂದು ಕೂತರು. ಎರಡೂಕಾಲು ಎಂದು ತಿಳಿದಿದ್ದರೆ ಆ ಮನುಷ್ಯ ರಾಹುಕಾಲಕ್ಕಿಂತ ಮುಂಚೆ ಆಟೋ ಹತ್ತಿಸಿಯಾದರೂ ನಿಮ್ಮನ್ನು ಹೊರಡಿಸುತ್ತಿದ್ದರು. ಆ ಲೆಕ್ಕ ನಿಲ್ಲುವುದಿಲ್ಲ, ನೀಲಕ್ಕ.

ಆಮೇಲೆ ಅವರು ನಿಮ್ಮ ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರನ್ನು ತೆಗೆದುಹಾಕಿದರು. ಮತ್ತೆ ತೂಗುಹಾಕಲೇ ಇಲ್ಲ. "ಇವರ ರಾಹುಕಾಲ ನನ್ನ ಅಕ್ಕನ ಮುಖ ನೋಡೋಕೂ ಬಿಡ್ಲಿಲ್ಲ" ಎಂದು ಬಂದವರೆದುರೆಲ್ಲ ನೀವು ಹೇಳುವಾಗ ಎದ್ದು ಹೊರಗೆ ಹೋಗಿ ಗಿಡಕ್ಕೆ ನೀರು ಹಾಕುತ್ತಿದ್ದರು. ಹೋದ ವರ್ಷ ಒಂದು ದಿನ ಪಿಂಚಣಿ ಕಾಗದದ ಜೆರಾಕ್ಸಿಗೆ ಬಂದವರು ಮಿಷನ್ನಿನ ಪಕ್ಕ ನಿಂತುಕೊಂಡು, ನನ್ನ ಮುಖ ನೋಡದೆ ಹೇಳಿದರು: "ನೀಲಾ ಒಂದೇ ಒಂದ್ಸಲ 'ಹೋಗ್ಲಿ ಬಿಡಿ' ಅಂದಿದ್ರೆ ಸಾಕಾಗಿತ್ತಮ್ಮಾ."

ನಾನು — ನಾನು ಎಷ್ಟು ಕಾಪಿ ಬೇಕು ಸಾರ್ ಎಂದು ಕೇಳಿದೆ.

ಮೊನ್ನೆ ನೀವು ಅದೇ ಫೋಲ್ಡರು ಹಿಡಿದುಕೊಂಡು ಬಂದಿರಿ. ಅಕ್ಕನ ಮೊಮ್ಮಗಳ ಮದುವೆ, ಪುಣೆಗೆ ಒಂದು ಟಿಕೆಟ್ಟು. "ಈ ಸಲ ಒಬ್ಳೇ ಕಣೇ, ತಡ ಮಾಡಿಸೋರು ಯಾರೂ ಇಲ್ಲ" ಎಂದು ನಕ್ಕಿರಿ, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಿರಿ. ಒಳಗೆ ಹಳೆಯ ಬೋರ್ಡಿಂಗ್ ಪಾಸುಗಳು ಹಾಗೇ ಇದ್ದವು, ನನ್ನ ಚೀಟಿಯೂ ಇತ್ತು.

ಟಿಕೆಟ್ಟು ಮಾಡಿದ್ದೇನೆ. ಮೊಬೈಲ್ ನಂಬರಿನ ಜಾಗದಲ್ಲಿ ನಿಮ್ಮ ನಂಬರೇ ಇದೆ. ಆದರೆ ಫೋಲ್ಡರಿನಲ್ಲಿ ಮೇಲಿನ ಹಾಳೆ ಟಿಕೆಟ್ಟಲ್ಲ. ಆ ಗುರುವಾರ ಸಂಜೆಯ ಮೆಸೇಜಿನ ಪ್ರಿಂಟು. ಫೋನು ಮೂರು ಸಲ ಬದಲಾಯಿಸಿದರೂ ಅದನ್ನು ಅಳಿಸಲು ನನಗೆ ಧೈರ್ಯ ಬರಲಿಲ್ಲ. ಅದರ ಕೆಳಗೆ ಈ ಕಾಗದ. ನಾಳೆ ಬೆಳಿಗ್ಗೆ ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ, ನೀವು ಓದಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ.

ನೀವು ಬೈದರೆ ಬೈಸಿಕೊಳ್ಳುತ್ತೇನೆ. ನನ್ನ ಭಯ ಬೇರೆ. ನಿಮ್ಮ ಮನಸ್ಸು ನನಗೆ ಗೊತ್ತು — ಅತ್ತು ಸಮಾಧಾನವಾದ ಮೇಲೆ "ಹೋಗ್ಲಿ ಬಿಡೇ ಶಶಿ" ಎಂದುಬಿಡುತ್ತೀರಿ. ದಯವಿಟ್ಟು ಹಾಗೆ ಅನ್ನಬೇಡಿ. ಆ ಮಾತಿಗೆ ಅವರು ಏಳು ವರ್ಷ ಕಾದರು.