ಸಿಡಿಲಕ್ಕನ ನಾಲ್ಕನೇ ಸೀಸನ್

ಕಟ್ಟೆಮಳಲವಾಡಿಯ ಕಾಂತರಾಜುವಿನ ಶೆಡ್ಡಿನಲ್ಲಿ ಹೊಗೆಸೊಪ್ಪು ವಿಂಗಡಿಸುವ ಹೆಂಗಸರು ಸಿಡಿಲಕ್ಕನನ್ನು ನೋಡಿದವರಲ್ಲ, ಬರೀ ಕೇಳಿದವರು. ಫೋನು ಗೋಡೆಯ ಗೂಡಿನಲ್ಲಿ, ಕಣ್ಣು ಸೊಪ್ಪಿನ ಮೇಲೆ. ಕಣ್ಣು ಒಂದು ಗಳಿಗೆ ಆಚೆ ಹೋದರೂ ಹೊಂಬಣ್ಣದ ಎಲೆಯೊಳಗೆ ಕಂದು ಎಲೆ ಸೇರಿಕೊಳ್ಳುತ್ತದೆ, ಆಮೇಲೆ ಕಾಂತರಾಜುವಿನ ಬಾಯಿ ಮುಚ್ಚಿಸಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಭಾನುವಾರಗಳಲ್ಲಿ, ಅವರಲ್ಲೊಬ್ಬಳಾದ ಯಶೋಧರಾಳ ಮಗಳು ಸಂಘಮಿತ್ರ ಫೋನಿನ ಮುಂದೆ ಕೂತು, ಮಾತಿಲ್ಲದ ಕಡೆ ಏನು ನಡೆಯುತ್ತಿದೆಯೆಂದು ಎಲ್ಲರಿಗೂ ಹೇಳುತ್ತಿದ್ದಳು. "ಈಗ ಆಕಾಶಕ್ಕೆ ಆರುದ್ಲು. ಈಗ ಕಳ್ಳ ಬಾವಿಗೆ ಬಿದ್ದ."

ಸಿಡಿಲಕ್ಕ ಕಾರ್ಟೂನಿನವಳು. ಹೊಟ್ಟೆಪಾಡಿಗೆ ಬಸ್ ಕಂಡಕ್ಟರು, ಊರಿಗೆ ಕಷ್ಟ ಬಂದಾಗ ಆಕಾಶದಲ್ಲಿ ಹಾರುವವಳು. ಸಿಡಿಲು ಬಡಿದು ಅವಳಿಗೆ ಶಕ್ತಿ ಬಂದಿತ್ತು, ಅದೇ ಸಿಡಿಲಿಗೆ ಕಿವಿ ಹೋಗಿತ್ತು. ಕಿವಿಗೆ ಕೇಳಿಸುವ ಮಿಷನ್ನು ಸಿಕ್ಕಿಸಿಕೊಂಡೇ ದುಷ್ಟರನ್ನು ಬಡಿಯುತ್ತಿದ್ದಳು. ಮೊದಲ ಎರಡು ಸೀಸನ್ನುಗಳಲ್ಲಿ ಎಂಥ ಮಾತು, ಎಂಥ ಜಗಳ! ಕಣ್ಣು ಮುಚ್ಚಿ ಕೂತರೂ ಕತೆ ಕೈಬಿಡುತ್ತಿರಲಿಲ್ಲ.

ಹನ್ನೊಂದು ವರ್ಷದ ಸಂಘಮಿತ್ರಳಿಗೂ ಕಿವಿ ಮಂದ. ಮೈಸೂರಿನ ಶಿಬಿರವೊಂದರಲ್ಲಿ ಕೊಟ್ಟ ಮಿಷನ್ನು ಎರಡು ವರ್ಷ ಟ್ರಂಕಿನಲ್ಲೇ ಬಿದ್ದಿತ್ತು. ಶಾಲೆಯ ಹುಡುಗರು 'ರೇಡಿಯೊ' ಎಂದು ಕರೆದಿದ್ದೇ ಕಾರಣ. ಯಶೋಧರಾ ಬೈದಳು, ಬೇಡಿಕೊಂಡಳು, ಒಂದು ಸಲ ಹೊಡೆದೂ ಬಿಟ್ಟಳು. ಯಾವುದಕ್ಕೂ ಜಗ್ಗದ ಹುಡುಗಿ ಸಿಡಿಲಕ್ಕನ ನಾಲ್ಕು ಕಂತು ನೋಡಿ, ತಾನೇ ಟ್ರಂಕು ತೆಗೆದು ಮಿಷನ್ನು ಹಾಕಿಕೊಂಡು ಶಾಲೆಗೆ ಹೋದಳು. ಆ ಕಾರ್ಟೂನು ಬರೆದವರ ಹೊಟ್ಟೆ ತಣ್ಣಗಿರಲಿ ಎಂದು ಯಶೋಧರಾ ಅಂದು ಮನಸಾರೆ ಹರಸಿದ್ದಳು. ಅಂದಿನಿಂದ ಮಗಳು ಊಟಕ್ಕೆ ಹಟ ಮಾಡಿದರೂ ಓದಿಗೆ ಹಟ ಮಾಡಿದರೂ ಸಿಡಿಲಕ್ಕನ ಹೆಸರನ್ನೇ ಹೇಳುತ್ತಿದ್ದಳು.

ಮೂರನೇ ಸೀಸನ್ನಿಗೆ ಕತೆ ತೆಳುವಾಯಿತು. ನಾಲ್ಕನೆಯದರಲ್ಲಿ ಮಾತೇ ಇಲ್ಲ, ಬರೀ ಢಂ, ಢಮಾರ್. ಕಾಂತರಾಜು ಮಾತ್ರ, "ಏನ್ ಗ್ರಾಫಿಕ್ಸು ಕಣ್ರೀ!" ಎಂದು ಹೊಗಳುತ್ತಿದ್ದ.

"ಕತೆ ಎಲ್ಲೋಯ್ತವ್ವ?" ಎಂದು ಪಕ್ಕದಲ್ಲಿ ಕೂತ ಮುದುಕಿ ಶಿವನಂಜಮ್ಮ ಗೊಣಗಿದಳು.

"ಒಂದ್ಸಲ ಒಳ್ಳೆ ಎಸರು ಬಂದ್ಮೇಲೆ ಏನ್ ಕೊಟ್ರೂ ನೋಡ್ತಾರೆ ಅನ್ನೋ ಕೊಬ್ಬು," ಎಂದಳು ಯಶೋಧರಾ. ಅವಳಿಗೆ ಆಗಲೇ ಸಿಟ್ಟು ಬಂದಿತ್ತು.

ಆ ಭಾನುವಾರ ಕೊನೆಯ ಕಂತು. ಢಮಾರ್ ಎಲ್ಲ ಮುಗಿದು ಜೋರು ವಾದ್ಯ, ಚಪ್ಪಾಳೆ ಕೇಳಿಸಿತು. ಕೈಯಲ್ಲಿದ್ದ ಸೊಪ್ಪು ಮುಗಿಸಿ, ಅರ್ಧ ಗಂಟೆಯ ಮೇಲೆ, "ಏನಾಯ್ತು ಮಗ?" ಎಂದಳು ಶಿವನಂಜಮ್ಮ. ಸಂಘಮಿತ್ರ ತಿರುಗಲಿಲ್ಲ. ಯಶೋಧರಾ ಎರಡು ಸಲ ಕೂಗಿ, ಮೂರನೆಯದಕ್ಕೆ ತಲೆಯೆತ್ತಿದಳು. ಮಗಳ ಕಿವಿ ಬರಿದಾಗಿತ್ತು.

ಎದ್ದು ಹೋಗಿ ಭುಜ ಹಿಡಿದು ತಿರುಗಿಸಿ, "ಮಿಷನ್ನೆಲ್ಲಿ?" ಎಂದಳು. ಹುಡುಗಿ ಮೂಲೆಯತ್ತ ಕೈತೋರಿಸಿದಳು. ಕಂತು ಮುಗಿಯುವಾಗ ಅಲ್ಲಿ ಸೊಪ್ಪಿನ ರಾಶಿಯಿತ್ತು. ಆ ರಾಶಿಯನ್ನು ಕಾಂತರಾಜು ಆಗಷ್ಟೇ ಬೇಲು ಎನ್ನುವ ಬಿಗಿ ಮೂಟೆಯಾಗಿ ಒತ್ತಿ, ಗೋಣಿಯ ಬಾಯಿ ಹೊಲಿದು ಮುಗಿಸಿದ್ದ. ಕಣ್ಣೆಲ್ಲ ಎಲೆಯ ಮೇಲಿದ್ದದ್ದರಿಂದ ಎಸೆದದ್ದನ್ನು ಯಾರೂ ನೋಡಿರಲಿಲ್ಲ.

ಯಶೋಧರಾ ಫೋನು ಕಿತ್ತುಕೊಂಡು ಕಂತನ್ನು ಹಿಂದಕ್ಕೆ ಓಡಿಸಿದಳು. ಸಿಡಿಲಕ್ಕನನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಯಾವನೋ ವಿಜ್ಞಾನಿ ಸಿಡಿಲಕ್ಕನ ಕಿವಿಗೆ ಬೆಳಕು ಬಿಟ್ಟ. ಕಿವಿ ವಾಸಿಯಾಯಿತು. ಸಿಡಿಲಕ್ಕ ನಗುತ್ತಾ ಮಿಷನ್ನನ್ನು ಹೊಳೆಗೆ ಎಸೆದಳು. ಇಡೀ ಊರು ಚಪ್ಪಾಳೆ ತಟ್ಟಿತು.

ಯಶೋಧರಾಳ ಪಿತ್ತ ನೆತ್ತಿಗೇರಿತು. ಕುಡುಗೋಲು ಹಿಡಿದು ಬೇಲಿನ ಹತ್ತಿರ ಹೋದಳು.

ಕಾಂತರಾಜು ಅಡ್ಡ ಬಂದ. "ನಾಳೆ ಅರಾಜಿಗೋಗೋ ಬೇಲು ಕಣಮ್ಮ! ತಲೆ ಕೆಟ್ಟದಾ?"

"ದೂರ ನಿಂತ್ಕೊಳಿ. ನನ್ ಮಗಳ ಕಿವಿ ಅದೆ ಇದ್ರೊಳಗೆ."

ಹೊಲಿಗೆ ಕೊಯ್ದಳು. ಒತ್ತಿಟ್ಟ ಸೊಪ್ಪನ್ನು ಬಾಚಿ ಬಾಚಿ ಎಳೆದಳು. ಇಡೀ ವಾರ ತಾನೇ ಬಣ್ಣ ನೋಡಿ ಜೋಡಿಸಿದ ಎಲೆ ಪುಡಿಪುಡಿಯಾಗಿ ಕಾಲಡಿಗೆ ಬಿತ್ತು. ಕಾಂತರಾಜು ಕೂಗಾಡುತ್ತಲೇ ಇದ್ದ. ಶಿವನಂಜಮ್ಮನೂ ಬಂದು ಕೈಹಾಕಿದಳು. ಕೊನೆಗೆ ನಡುಭಾಗದಲ್ಲಿ ಮಿಷನ್ನು ಸಿಕ್ಕಿತು. ಕೊಳವೆ ಸೊಟ್ಟಗಾಗಿತ್ತು, ಒಡೆದಿರಲಿಲ್ಲ.

ಸೆರಗಿನಿಂದ ಒರೆಸಿ ಮಗಳ ಕಿವಿಗೆ ಇಡಲು ಹೋದಳು. ಹುಡುಗಿ ಕತ್ತು ತಿರುಗಿಸಿಕೊಂಡಳು.

ಯಶೋಧರಾ ಅವಳ ಗಲ್ಲ ಹಿಡಿದು, ತುಟಿ ಕಾಣುವಂತೆ ಮುಖಕ್ಕೆ ಮುಖ ಕೊಟ್ಟು ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಮೊದಲ್ನೇದು ಬರ್ದೋರು ಮನುಷ್ರು ಕಣೆ. ಇದ ಬರ್ದೋರು ಮುಂಡೇವು. ಸಿಡಿಲಕ್ಕ ಅಂತ ಅದೇ ಎಸರು ಇಟ್ಕಂಡು ಸುಳ್ಳೇಳವ್ರೆ. ಅಂಗೆ ಬೆಳಕು ಬುಟ್ರೆ ಯಾರ ಕಿವೀನೂ ಬರಕಿಲ್ಲ. ಆ ಸಿಡಿಲಕ್ಕನ ಮಾತು ಕೇಳ್ಬ್ಯಾಡ, ನನ್ ಮಾತು ಕೇಳು."

ಸಂಘಮಿತ್ರ ಅಮ್ಮನ ತುಟಿಯನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಉಣ್ಣಾಕೆ, ಓದಾಕೆ, ಇದ ಆಕ್ಕೊಳಾಕೆ, ಎಲ್ಲಾದ್ಕೂ ಸಿಡಿಲಕ್ಕ ಏಳ್ದಂಗೆ ಕೇಳು ಅಂತಿದ್ದೆ ನೀನು," ಎಂದಳು. "ಕೇಳ್ದೆ ಕಣವ್ವ."

ಅಷ್ಟು ಹೊತ್ತು ಕಾರ್ಟೂನಿನವರನ್ನು ಬೈದ ಯಶೋಧರಾ ತಲೆ ತಗ್ಗಿಸಿ, ಮಿಷನ್ನಿನ ಸೊಟ್ಟ ಕೊಳವೆಯನ್ನು ನೆಟ್ಟಗೆ ಮಾಡತೊಡಗಿದಳು.